ನಾಲ್ಕು ಜನ ಎತ್ತುವ ಗಾಡಿ

(ಕಾರವಾರದಲ್ಲಿ ರೈಲಿನ ಆಸಕ್ತಿ ಇರುವ ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳ ಪುಸ್ತಕದಲ್ಲಿ ಟ್ರಾಲಿ ಅಂದರೆ ಯಾವುದು ಅಂತ ಹೇಳುವ ಒಂದು ಸಾಲು ಇದೆ. ನಾಲ್ಕು ಜನ ಸೇರಿ ಹಳಿಯಿಂದ ಪೂರ್ತಿ ಎತ್ತಿ ಹೊರಗಿಡಬಹುದಾದ ಗಾಡಿ ಟ್ರಾಲಿ. ಅದೇ ಥರದ್ದು, ಆದರೆ ಇನ್ನೂ ಭಾರ ಇದ್ದರೆ ಲಾರಿ. ಟ್ರಾಲಿಗೆ ಮೋಟಾರು ಇದ್ದರೆ ಮೋಟಾರ್ ಟ್ರಾಲಿ. ಇಷ್ಟೇ. ಎಷ್ಟು ಜನ ಕೂರಬಹುದು, ಎಷ್ಟು ಜೋರಾಗಿ ಓಡುತ್ತದೆ, ಯಾವುದರಿಂದ ಮಾಡಿದ್ದು, ಈ ಯಾವುದನ್ನೂ ಆ ಸಾಲು ಕೇಳುವುದಿಲ್ಲ. ಎತ್ತಲು ಬರುತ್ತದೋ ಇಲ್ಲವೋ, ಅಷ್ಟೇ ಪ್ರಶ್ನೆ.

ಹಳಿ ಕೆಲಸದವರು ಬಳಸಿದ ಕೈಗಾಡಿಗಳ ಇಡೀ ಕಥೆ ಈ ಒಂದು ಸಾಲಿನೊಳಗೆ ಇದೆ ಅಂತ ನನಗನಿಸುತ್ತದೆ. ಇವು ಹೇಗೆ ಓಡುತ್ತವೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಇವತ್ತು ಹೇಳಹೊರಟಿರುವುದು ಇವು ಹೇಗೆ ಜಾಗ ಬಿಡುತ್ತವೆ ಅನ್ನುವುದನ್ನು. ಹಳಿ ರೈಲಿನದು. ಕೆಲಸದವರ ಗಾಡಿ ಅಲ್ಲಿ ಎರವಲು ಜಾಗದಲ್ಲಿ ಇರುವಂಥದ್ದು. ರೈಲು ಬಂದರೆ ಎದ್ದು ಹೋಗಬೇಕು.

ಮೊದಲು ಇಂಥ ಗಾಡಿ ಬೇಕಾದದ್ದಾದರೂ ಯಾಕೆ? ಹಳೆಯ ಹಳಿ ಅಂದರೆ 12–13 ಮೀಟರಿನ ತುಂಡುಗಳು. ತುಂಡಿಗೆ ತುಂಡು ಸೇರುವ ಕಡೆ ಎರಡೂ ಬದಿಗೆ ಕಬ್ಬಿಣದ ಪಟ್ಟಿ, ಅದೇ ಫಿಶ್‌ಪ್ಲೇಟ್. ಒಂದೊಂದು ಜೋಡಣೆಗೆ ಸಾಮಾನ್ಯವಾಗಿ 4 ಬೋಲ್ಟ್. ನೀವೇ ಲೆಕ್ಕ ಹಾಕಿ, ಎರಡು ಹಳಿ ಸೇರಿ ಒಂದು ಕಿಲೋಮೀಟರಿಗೆ 600ಕ್ಕೂ ಮಿಕ್ಕಿ ಬೋಲ್ಟ್ ಆಗುತ್ತದೆ. ರೈಲು ಹೋದ ಹಾಗೆಲ್ಲ ಇವು ಸಡಿಲ ಆಗುತ್ತವೆ. ಹಳಿಯಡಿ ಅಡ್ಡಕ್ಕೆ ಹಾಕಿದ ಮರದ ದಿಮ್ಮಿ, ಅದೇ ಸ್ಲೀಪರ್, ಕೊಳೆಯುತ್ತದೆ. ಸ್ಲೀಪರಿನ ಅಡಿಯ ಜಲ್ಲಿ ಕೂತುಕೊಳ್ಳುತ್ತದೆ, ಒಂದು ಬದಿ ತಗ್ಗಾಗುತ್ತದೆ. ಯಾರಾದರೂ ದಿನಾ ನೋಡಲೇಬೇಕು. ನೋಡಿದರೆ ಸಾಲದು, ಹಾರೆ, ಜಾಕ್, ಸ್ಪ್ಯಾನರ್, ಸುತ್ತಿಗೆ ಎಲ್ಲ ಹೊತ್ತುಕೊಂಡು ಹೋಗಿ ಸರಿಮಾಡಬೇಕು. ಆರೇಳು ಮೈಲಿ ಹಾರೆ ಹೊತ್ತು ನಡೆದವನಿಗೆ ಅಲ್ಲಿ ಹೋಗಿ ಹಾರೆ ಎತ್ತಲು ಎಲ್ಲಿಯ ಶಕ್ತಿ? ಕಾಲಡಿಯಲ್ಲೇ ಹಳಿ ಇದೆ. ಅದರ ಮೇಲೆ ಒಂದು ಹಲಗೆ ಗಾಡಿ ಇಟ್ಟು ಸಾಮಾನು ತಳ್ಳಿಕೊಂಡು ಹೋಗೋಣ ಅಂತ ಯಾರಿಗಾದರೂ ಹೊಳೆಯದೇ ಇರಲು ಸಾಧ್ಯವೇ ಇಲ್ಲ. ಶುರುವಾದದ್ದು ಹಾಗೇ.

ಕಬ್ಬಿಣದ ಗಾಲಿ ಕಬ್ಬಿಣದ ಹಳಿ ಮೇಲೆ ಎಷ್ಟು ಸಲೀಸಾಗಿ ಉರುಳುತ್ತದೆ ಅನ್ನುವುದು ತಳ್ಳಿ ನೋಡದವರಿಗೆ ಗೊತ್ತಾಗುವುದಿಲ್ಲ. ಜನ, ಸಾಮಾನು ಸೇರಿ 400 ಕೆ.ಜಿ. ಇರುವ ಸಣ್ಣ ಗಾಡಿ ಅಂತ ಇಟ್ಟುಕೊಳ್ಳಿ. ಸಮತಟ್ಟಾದ ಹಳಿಯಲ್ಲಿ ಅದನ್ನು ಓಡುತ್ತಾ ಇಡಲು ಎರಡು ಮೂರು ಕಿಲೋ ತೂಕದಷ್ಟು ಒತ್ತಡ ಸಾಕು. ಒಬ್ಬ ಮನುಷ್ಯ ಅಂಗೈಯಲ್ಲಿ ಒತ್ತಿ ನಡೆಸಬಹುದು. ಏರು ಬಂದಾಗ ಮಾತ್ರ ಲೆಕ್ಕ ಬೇರೆ. ಆ ಏರಿನ ಕಥೆಗೆ ಆಮೇಲೆ ಬರುತ್ತೇನೆ. ಅದು ನಮ್ಮ ಜಿಲ್ಲೆಯದೇ.

ಅಮೆರಿಕದಲ್ಲಿ ತಳ್ಳುವ ಗಾಡಿ ಬೇಗ ಕೈಯಲ್ಲಿ ತಿರುಗಿಸುವ ಗಾಡಿಯಾಯಿತು, ಅದರ ನಂತರ ಪಂಪ್ ಗಾಡಿ ಬಂತು. ಹಳೆಯ ಮೂಕಿ ಚಿತ್ರಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಇಬ್ಬರು ಎದುರುಬದುರು ನಿಂತು ಒಂದು ಅಡ್ಡ ಹಿಡಿಕೆಯನ್ನು ಮೇಲೆ ಕೆಳಗೆ ಜಗ್ಗುತ್ತಾರೆ, ಗಾಡಿ ಓಡುತ್ತದೆ. ನಮ್ಮ ಬೋರ್‌ವೆಲ್ಲಿನ ಕೈಪಂಪಿಗೆ ಎರಡೂ ಕಡೆ ಹಿಡಿಕೆ ಇಟ್ಟ ಹಾಗೆ. ಒಳಗಿನ ಕೆಲಸ ಹೀಗಿದೆ. ಹಲಗೆಯ ನಡುವೆ ಒಂದು ಚೌಕಟ್ಟು, ಅದರ ತುದಿಯಲ್ಲಿ ತೂಗುವ ತೊಲೆ. ತೊಲೆಯಿಂದ ಒಂದು ಸರಳು ಕೆಳಗಿಳಿದು ಕ್ರ್ಯಾಂಕಿಗೆ, ಅಂದರೆ ಮೇಲೆ ಕೆಳಗಿನ ಆಟವನ್ನು ಸುತ್ತುವ ಆಟ ಮಾಡುವ ಬಾಗಿದ ತೋಳಿಗೆ, ಸೇರುತ್ತದೆ. ಕ್ರ್ಯಾಂಕ್ ಒಂದು ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ, ಅದು ಅಚ್ಚಿನ ಮೇಲಿನ ಸಣ್ಣ ಹಲ್ಲುಗಾಲಿಯನ್ನು. ದೊಡ್ಡದು ಒಂದು ಸುತ್ತು ಬರುವಷ್ಟರಲ್ಲಿ ಸಣ್ಣದು ಮೂರು ನಾಲ್ಕು ಸುತ್ತು ಬಂದಿರುತ್ತದೆ. ಹೀಗಾಗಿ ನಿಧಾನವಾಗಿ ಜಗ್ಗಿದರೂ ಗಾಡಿ ಗಂಟೆಗೆ 10–15 ಕಿಲೋಮೀಟರ್ ಓಡುತ್ತದೆ.

ಇದರಲ್ಲಿ ಒಂದು ಅಪಾಯ ಇತ್ತು. ಸೈಕಲ್ಲಿನಲ್ಲಿ ಇಳಿಜಾರು ಬಂದರೆ ನಾವು ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತೇವೆ, ಗಾಲಿ ತನ್ನಷ್ಟಕ್ಕೆ ತಿರುಗುತ್ತದೆ. ಪಂಪ್ ಗಾಡಿಯಲ್ಲಿ ಆ ಸೌಕರ್ಯ ಇಲ್ಲ. ಗಾಲಿ ತಿರುಗುತ್ತಿರುವ ತನಕ ಹಿಡಿಕೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಅದು ಹುಚ್ಚು ಹಿಡಿದ ಹಾಗೆ ಆಡುತ್ತದೆ. ಆಗ ಮುಂದೆ ಬಗ್ಗಿದವನ ಗದ್ದಕ್ಕೆ ಬಡಿಯುತ್ತದೆ. ಕೈ ತಪ್ಪಿದವನು ಮತ್ತೆ ಹಿಡಿಯಲು ಹೋದರೆ ಬೆರಳಿಗೆ ಪೆಟ್ಟು. ಬ್ರೇಕ್ ಇರುವುದು ಕಾಲಡಿಯಲ್ಲಿ. ಹಿಡಿಕೆ ಬಿಟ್ಟು ಹಿಂದೆ ಸರಿದು ಬ್ರೇಕ್ ತುಳಿಯಬೇಕು. ಹಲಗೆಯ ಮೇಲೆ ಹಿಂದೆ ಸರಿಯಲು ಇರುವ ಜಾಗ ಒಂದೆರಡು ಹೆಜ್ಜೆ ಮಾತ್ರ.

ಜೊತೆಗೆ ಇದು ಭಾರದ ಗಾಡಿ. ಹಲ್ಲುಗಾಲಿ, ಕ್ರ್ಯಾಂಕ್, ತೊಲೆ ಎಲ್ಲ ಸೇರಿ ಸುಮಾರು ಕಾಲು ಟನ್ ತೂಗುತ್ತಿತ್ತು. ಇಡೀ ಗ್ಯಾಂಗ್ ಸೇರಿದರೆ ಎತ್ತಬಹುದು. ಇಬ್ಬರೇ ಇದ್ದಾಗ ರೈಲು ಬಂದರೆ? ಅದಕ್ಕೇ ಅಲ್ಲಲ್ಲಿ ಹಳಿಯ ಪಕ್ಕ ಅಡ್ಡಕ್ಕೆ ಮರದ ದಿಮ್ಮಿ ಹಾಕಿ ಗಾಡಿಯನ್ನು ತಿರುಗಿಸಿ ಹೊರಗೆ ಉರುಳಿಸುವ ಜಾಗ ಮಾಡಿಟ್ಟಿರುತ್ತಿದ್ದರು. ಮುಂದಿನ ಜಾಗ ಎಷ್ಟು ದೂರ ಅನ್ನುವುದು ಯಾವಾಗಲೂ ತಲೆಯಲ್ಲಿ ಇರಬೇಕಿತ್ತು.

ಈ ಭಾರದ ತಾಪತ್ರಯವನ್ನು ಬಿಡಿಸಿದವನು ರೈಲ್ವೆಯವನೇ ಅಲ್ಲ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಥ್ರೀ ರಿವರ್ಸ್ ಅಂತ ಒಂದು ಊರು. ಜಾರ್ಜ್ ಶೆಫೀಲ್ಡ್ ಅನ್ನುವವನು ಊರಿಂದ ಕೆಲವು ಮೈಲಿ ಆಚೆ ತನ್ನ ಹೊಲದ ಮನೆಯಲ್ಲಿದ್ದ, ಕೆಲಸ ಊರಿನಲ್ಲಿ. ಅವನ ಹೊತ್ತಿಗೆ ಸರಿಯಾಗಿ ರೈಲು ಇರಲಿಲ್ಲ. ಹಳಿ ಹಿಡಿದು ನಡೆದು ನಡೆದು ಸಾಕಾಗಿ, 1877ರ ಸುಮಾರಿಗೆ ಅವನೇ ಒಂದು ಮೂರು ಗಾಲಿಯ ಗಾಡಿ ಮಾಡಿಕೊಂಡ. ಎರಡು ಗಾಲಿ ಒಂದರ ಹಿಂದೆ ಒಂದು, ಒಂದೇ ಹಳಿಯ ಮೇಲೆ. ಅದರ ಮೇಲೆ ಸೀಟು. ಪಕ್ಕಕ್ಕೆ ಒಂದು ಉದ್ದ ತೋಳು, ಅದರ ತುದಿಗೆ ಸಣ್ಣ ಗಾಲಿ, ಅದು ಆಚೆ ಹಳಿಯ ಮೇಲೆ. ಕೈಯಲ್ಲಿ ಜಗ್ಗುವ ಹಿಡಿಕೆ, ಕಾಲಿಗೂ ಕೆಲಸ. ರೈಲ್ವೆಗೆ ಹೇಳಲೂ ಇಲ್ಲ, ಕೇಳಲೂ ಇಲ್ಲ. ಕತ್ತಲಲ್ಲಿ ಕದ್ದು ಓಡಿಸುತ್ತಿದ್ದ.

ಒಂದು ರಾತ್ರಿ ದಾರಿಯಲ್ಲಿ ಮುರಿದ ಹಳಿ ಸಿಕ್ಕಿತು. ಬರುತ್ತಿದ್ದ ರೈಲನ್ನು ನಿಲ್ಲಿಸಿದ. ರೈಲು ಉಳಿಯಿತು, ಆದರೆ ಇಷ್ಟು ಹೊತ್ತಿನಲ್ಲಿ ನೀನು ಹಳಿ ಮೇಲೆ ಏನು ಮಾಡುತ್ತಿದ್ದೆ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು ಅಲ್ವಾ? ಗುಟ್ಟು ರಟ್ಟಾಯಿತು. ರೈಲ್ವೆಯವರು ಕೇಸು ಹಾಕುವ ಬದಲು ನಮಗೂ ಇಂಥದ್ದು ಮಾಡಿಕೊಡು ಅಂದರಂತೆ. 1879ರಲ್ಲಿ ಪೇಟೆಂಟ್ ಸಿಕ್ಕಿತು, ಕಂಪನಿ ಆಯಿತು, ಇದೇ ಮಾದರಿಯ ಗಾಡಿಗಳು ದೇಶದೇಶಕ್ಕೆ ಹೋದವು. ಜನ ಇದನ್ನು ಜಾಣ್ಮೆಯ ಕಥೆ ಅಂತ ಹೇಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ತೂಕ. ಕದ್ದು ಓಡಿಸುವವನು ಒಬ್ಬನೇ. ಎಂಜಿನ್ನಿನ ದೀಪ ಕಂಡ ಕೂಡಲೇ ಒಬ್ಬನೇ ಎತ್ತಿ ಪಕ್ಕಕ್ಕೆ ಇಡಬೇಕು. ನಾಲ್ಕನೇ ಗಾಲಿ ಬೇಡ ಅಂತ ಅವನಿಗೆ ಅನ್ನಿಸಲು ಇದಕ್ಕಿಂತ ಒಳ್ಳೆಯ ಕಾರಣ ಇರಲಿಕ್ಕಿಲ್ಲ.

ಈಗ ನಮ್ಮ ಕಡೆ ಬರೋಣ. ಶಿರಸಿಯಿಂದ ಬಂದವರೂ ಇಲ್ಲಿದ್ದೀರಿ. ನಿಮಗೆ ರೈಲು ಬೇಕೆಂದರೆ ತಾಳಗುಪ್ಪಕ್ಕೋ ಹಾವೇರಿಗೋ ಹೋಗಬೇಕು, ಇಲ್ಲಾ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು. ಬಹಳ ವರ್ಷದಿಂದ ಮಾತಿನಲ್ಲೇ ಇರುವ ಹುಬ್ಬಳ್ಳಿ–ಅಂಕೋಲಾ ಲೈನಿನ ಸುದ್ದಿ ಮಾತ್ರ ಇವತ್ತು ಯಾರೂ ತೆಗೆಯಬೇಡಿ, ಇಡೀ ಸಂಜೆ ಅದಕ್ಕೇ ಹೋಗುತ್ತದೆ. ಕರಾವಳಿಗೆ ರೈಲು ಬಂದದ್ದು ನಮ್ಮ ಕಣ್ಣೆದುರೇ. ಕೊಂಕಣ ರೈಲ್ವೆಯ ಕೆಲಸ ಶುರುವಾದದ್ದು 1990ರಲ್ಲಿ, ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ಕ್ಕೆ. ಹಾಗಂತ ಜಿಲ್ಲೆಗೆ ರೈಲು ಹೊಸದಲ್ಲ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ನೆನಪಿಸಿಕೊಳ್ಳಿ. ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ಮೀಟರ್ ಗೇಜ್ ಹಳಿ ಅಲ್ಲಿಗೆ 1880ರ ದಶಕದಲ್ಲೇ ಮುಟ್ಟಿತ್ತು. ಆಚೆ ಪೋರ್ಚುಗೀಸರ ಗೋವಾ, ಈಚೆ ಬ್ರಿಟಿಷರ ಸೀಮೆ. 1961ರ ತನಕ ಅದು ಗಡಿಯ ಸ್ಟೇಷನ್.

ಇಲ್ಲಿ ಪಂಪ್ ಗಾಡಿ ಬೇರೂರಲಿಲ್ಲ. ನಮ್ಮ ದೇಶದಲ್ಲಿ ನಡೆದದ್ದು ತಳ್ಳುವ ಟ್ರಾಲಿ, ಪುಶ್ ಟ್ರಾಲಿ. ಒಂದು ಚೌಕಟ್ಟು, ನಾಲ್ಕು ಸಣ್ಣ ಗಾಲಿ, ಮೇಲೆ ಒಂದು ಬೆಂಚು, ಕೈಯಲ್ಲಿ ಎಳೆಯುವ ಬ್ರೇಕ್, ಒಂದು ಕೋಲಿಗೆ ಕೆಂಪು ಬಾವುಟ, ಬೆಂಚಿನ ಮೇಲೆ ದೊಡ್ಡ ಕೊಡೆ. ಕೊಡೆಯ ಕೆಳಗೆ ಇನ್‌ಸ್ಪೆಕ್ಟರು. ಹಳಿಯ ಉಸ್ತುವಾರಿ ಇವರದು. ಮೊದಲು ಪಿ.ಡಬ್ಲ್ಯು.ಐ., ಅಂದರೆ ಪರ್ಮನೆಂಟ್ ವೇ ಇನ್‌ಸ್ಪೆಕ್ಟರ್, ಅನ್ನುತ್ತಿದ್ದರು, ಈಗ ಹುದ್ದೆಯ ಹೆಸರು ಬದಲಾಗಿದೆ. ಹಿಂದೆ ಟ್ರಾಲಿಮ್ಯಾನ್‌ಗಳು. ಇಬ್ಬರು ತಳ್ಳುತ್ತಾರೆ, ಉಳಿದವರು ಕೂರುತ್ತಾರೆ, ಆಮೇಲೆ ಸರದಿ ಬದಲು.

ಅವರು ಓಡುವುದು ಎಲ್ಲಿ ಗೊತ್ತಾ? ಜಲ್ಲಿ ಮೇಲೆ ಓಡಲು ಆಗುವುದಿಲ್ಲ, ಕಾಲು ಉಳುಕುತ್ತದೆ. ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ ಹೊಂದುವುದಿಲ್ಲ. ಅವರು ಹಳಿಯ ಮೇಲೆಯೇ ಓಡುತ್ತಾರೆ. ಒಬ್ಬ ಎಡ ಹಳಿ, ಇನ್ನೊಬ್ಬ ಬಲ ಹಳಿ. ಹಳಿಯ ತಲೆ ಸುಮಾರು 7 ಸೆಂಟಿಮೀಟರ್ ಅಗಲ. ಅದರ ಮೇಲೆ ಪಾದ ನೇರವಾಗಿ, ಒಂದರ ಮುಂದೆ ಒಂದು. ಎರಡೂ ಕೈ ಟ್ರಾಲಿಯ ಮೇಲೆ ಇರುವುದರಿಂದ ತಳ್ಳುವುದೇ ಅವರಿಗೆ ಆಧಾರ ಕೂಡ. ಬರಿಗಾಲಲ್ಲಿ ಓಡುವವರೂ ಇದ್ದರು. ಏಪ್ರಿಲ್ ಮಧ್ಯಾಹ್ನದಲ್ಲಿ ಹಳಿ ಎಷ್ಟು ಕಾಯುತ್ತದೆ ಅಂತ ನಮ್ಮೂರಿನ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ವೇಗ ಬಂದ ಮೇಲೆ ಒಂದು ಹಾರು, ಟ್ರಾಲಿಯ ಹಿಂಬದಿ ಏರಿ ಕೂರುತ್ತಾರೆ. ವೇಗ ಇಳಿದಾಗ ಮತ್ತೆ ಇಳಿದು ಓಟ.

ಪಂಪ್ ಇಲ್ಲಿ ಯಾಕೆ ನಡೆಯಲಿಲ್ಲ ಅನ್ನುವುದಕ್ಕೆ ನನಗೆ ತೋಚುವ ಕಾರಣ ಎರಡು. ಒಂದು, ಹಲ್ಲುಗಾಲಿ ಇಲ್ಲದ ಟ್ರಾಲಿ ಹಗುರ, ಎತ್ತಲು ಸುಲಭ. ಇನ್ನೊಂದು ಅಷ್ಟು ಚಂದದ್ದಲ್ಲ. ಇಲ್ಲಿ ಕೂಲಿ ಅಗ್ಗ ಇತ್ತು. ಅಮೆರಿಕದ ಗಾಡಿಯಲ್ಲಿ ಜಗ್ಗುವವನೂ ಅವನೇ, ಹೋಗಿ ಇಳಿದು ಹಾರೆ ಹಿಡಿಯುವವನೂ ಅವನೇ. ಜಗ್ಗುವವನ ತೋಳಿನ ಶ್ರಮ ಉಳಿಸಲು ಯಂತ್ರ ಬೇಕಾಯಿತು. ಇಲ್ಲಿ ಕೂರುವವನು ಬೇರೆ, ಓಡುವವನು ಬೇರೆ. ಕೂತವನಿಗೆ ಓಡುವವನ ಶ್ರಮ ಉಳಿಸುವ ಅವಸರ ಇರಲಿಲ್ಲ. ಜಪಾನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಡವಾರದಿಂದ ಅತಾಮಿಗೆ ಸುಮಾರು 25 ಕಿ.ಮೀ. ದೂರ ಪ್ರಯಾಣಿಕರ ಡಬ್ಬಿಗಳನ್ನೇ ಆಳುಗಳಿಂದ ತಳ್ಳಿಸುತ್ತಿದ್ದರು. 1890ರ ದಶಕದ ಮಾತು. ಏರು ಬಂದಾಗ ಮೊದಲ ದರ್ಜೆಯವರು ಕೂತೇ ಇರಬಹುದು, ಎರಡನೇ ದರ್ಜೆಯವರು ಇಳಿದು ನಡೆಯಬೇಕು, ಮೂರನೇ ದರ್ಜೆಯವರು ಇಳಿದು ತಳ್ಳಬೇಕು. ಟಿಕೆಟಿನ ದುಡ್ಡು ಕೊಟ್ಟ ಮೇಲೂ!

ಏರಿನ ಕಥೆ ಹೇಳುತ್ತೇನೆ ಅಂದಿದ್ದೆ. ಕ್ಯಾಸಲ್‌ರಾಕಿನಿಂದ ಕೆಳಗೆ ಗೋವಾದ ಕುಳೆಂಗೆ ಇಳಿಯುವ ಘಟ್ಟದ ಹಳಿ 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿದಿರುತ್ತೀರಿ. ರಸ್ತೆಗೆ ಅದು ಏನೂ ಅಲ್ಲ, ನಮ್ಮ ದೇವಿಮನೆ ಘಟ್ಟದ ಬಸ್ಸು ಇದನ್ನು ಏರು ಅಂತಲೂ ಲೆಕ್ಕಕ್ಕೆ ಇಡುವುದಿಲ್ಲ. ಹಳಿಗೆ ಮಾತ್ರ ಬಹಳ ಕಡಿದು. ಆ 400 ಕಿಲೋ ಟ್ರಾಲಿಯನ್ನು ಭೂಮಿ ಹಿಂದಕ್ಕೆ ಎಳೆಯುವ ಬಲ ಸುಮಾರು 11 ಕಿಲೋ. ಉರುಳಲು ಬೇಕಾದದ್ದೂ ಸೇರಿ ಹದಿಮೂರು ಅನ್ನಿ. ಸಮತಟ್ಟಿನ ಐದಾರು ಪಟ್ಟು. 7 ಸೆಂಟಿಮೀಟರ್ ಅಗಲದ ಹಳಿಯ ಮೇಲೆ ಓಡುತ್ತಾ ಇಷ್ಟನ್ನು ತಳ್ಳಬೇಕು. ಮಳೆಗಾಲದಲ್ಲಿ ಹಳಿ ಜಾರುತ್ತದೆ. ಕೆಳಗೆ ಬರುವಾಗ ಬೇರೆ ಫಜೀತಿ. ಬ್ರೇಕ್ ಬಿಟ್ಟರೆ ಟ್ರಾಲಿ ತಾನಾಗಿ ಓಡುತ್ತದೆ, ಓಡಿದಷ್ಟೂ ವೇಗ ಏರುತ್ತದೆ. ಬ್ರೇಕ್ ಹಿಡಿದವನು ಇಡೀ ಘಟ್ಟ ಕೈ ಸಡಿಲಿಸುವ ಹಾಗಿಲ್ಲ.

ಕೊಂಕಣ ರೈಲ್ವೆ ಕಟ್ಟುವಾಗ ಏರನ್ನು 150ಕ್ಕೆ 1ರ ಒಳಗೆ ಇಟ್ಟರು. ಅದೇ ಟ್ರಾಲಿಗೆ ಏರಿನ ಎಳೆತ ಮೂರು ಕಿಲೋ ಕೂಡ ಆಗುವುದಿಲ್ಲ. ಆದರೆ ಏರು ಇಷ್ಟು ಸಣ್ಣದಾಗಿ ಇಟ್ಟದ್ದಕ್ಕೆ ಬೆಲೆ ತೆತ್ತದ್ದು ಗುಡ್ಡ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನ ತನಕ ಸುಮಾರು 740 ಕಿ.ಮೀ.ನಲ್ಲಿ 90ಕ್ಕೂ ಜಾಸ್ತಿ ಸುರಂಗ. ನಮ್ಮ ಕಾರವಾರ ಸುರಂಗವೇ 3 ಕಿ.ಮೀ. ಹತ್ತಿರ. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗೂ ಮಿಕ್ಕಿ. ತಳ್ಳುವವನಿಗೆ ಹಗುರ ಆಯಿತು, ಎತ್ತುವವನಿಗೆ ಕಷ್ಟ ಬಂತು. ಯಾಕೆಂದರೆ ಸುರಂಗದಲ್ಲಿ, ಸೇತುವೆಯ ಮೇಲೆ ಟ್ರಾಲಿ ಎತ್ತಿ ಇಡುವುದೆಲ್ಲಿ?

ಬಯಲಿನಲ್ಲಿ ಎತ್ತುವುದು ಹೀಗೆ. ರೈಲಿನ ಸುಳಿವು ಸಿಕ್ಕ ಕೂಡಲೇ ಬ್ರೇಕ್. ಸಾಹೇಬರು ಇಳಿಯಬೇಕು, ಕೊಡೆ ಬಾವುಟ ತೆಗೆಯಬೇಕು. ಮುಂದೆ ಇಬ್ಬರು, ಹಿಂದೆ ಇಬ್ಬರು ಚೌಕಟ್ಟು ಹಿಡಿದು ಒಟ್ಟಿಗೆ ಎತ್ತುತ್ತಾರೆ. ಒಂದು ಹಳಿ ದಾಟಬೇಕು, ಜಲ್ಲಿಯ ಇಳಿಜಾರು ಇಳಿಯಬೇಕು, ಪಕ್ಕದ ಕಾಲುದಾರಿಯಲ್ಲಿ ರೈಲಿಗೆ ತಾಗದಷ್ಟು ದೂರ ಇಡಬೇಕು. ಜಲ್ಲಿಯಲ್ಲಿ ಒಬ್ಬನ ಕಾಲು ಜಾರಿದರೆ ನಾಲ್ವರೂ ಮುಗ್ಗರಿಸುತ್ತಾರೆ. ಬಿಟ್ಟು ಹೋಗುವುದಾದರೆ ಗಾಲಿಗೆ ಸರಪಳಿ ಸುತ್ತಿ ಬೀಗ ಹಾಕಬೇಕು ಅಂತ ನಿಯಮ. ಇಲ್ಲದಿದ್ದರೆ ಊರ ಮಕ್ಕಳು ಹಳಿಗೆ ಏರಿಸದೆ ಬಿಟ್ಟಾರೆಯೇ?

ಸೇತುವೆ, ಸುರಂಗಗಳಲ್ಲಿ ಇದಕ್ಕೆಂದೇ ಗೂಡು ಮಾಡಿರುತ್ತಾರೆ. ಉದ್ದ ಸೇತುವೆಗಳ ಬದಿಗೆ ಚಾಚಿಕೊಂಡ ಸಣ್ಣ ಜಗುಲಿಗಳನ್ನು ರೈಲಿನ ಕಿಟಕಿಯಿಂದ ಗಮನಿಸಿ. ಸುರಂಗದ ಗೋಡೆಯಲ್ಲಿ ಕೊರೆದ ಕತ್ತಲ ಮೂಲೆಗಳೂ ಅವೇ. ಸಣ್ಣವು ಮನುಷ್ಯ ನಿಲ್ಲಲು, ದೊಡ್ಡವು ಟ್ರಾಲಿ ಇಡಲು. ಎರಡು ಗೂಡಿನ ನಡುವೆ ಇರುವಾಗ ರೈಲು ಬರಬಾರದು. ಅದಕ್ಕೇ ತಿರುವು, ಸುರಂಗಗಳಲ್ಲಿ ಬಾವುಟ ಹಿಡಿದವನು ಮುಂದೆ ಹೋಗಿ ನೋಡಿ ಸನ್ನೆ ಕೊಡಬೇಕು.

ಸಿಗ್ನಲ್ ಇದೆಯಲ್ಲ, ಅದು ಕಾಯುವುದಿಲ್ಲವೇ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ಟೇಷನ್ ಹತ್ತಿರದ ಹಳಿಗಳಲ್ಲಿ ಸಣ್ಣಗೆ ಕರೆಂಟು ಹರಿಯುತ್ತಿರುತ್ತದೆ. ರೈಲು ಬಂದರೆ ಅದರ ಗಾಲಿ ಮತ್ತು ಅಚ್ಚು ಎರಡೂ ಹಳಿಗಳನ್ನು ಜೋಡಿಸುತ್ತವೆ, ಆಗ ಇಲ್ಲಿ ಗಾಡಿ ಇದೆ ಅಂತ ಸಿಗ್ನಲ್ಲಿಗೆ ಗೊತ್ತಾಗುತ್ತದೆ. ಟ್ರಾಲಿಯ ಗಾಲಿಗಳಿಗೆ ಮಾತ್ರ ಬೇಕೆಂದೇ ಕರೆಂಟು ದಾಟದ ಹಾಗೆ ಒಳಗೆ ತಡೆ ಇಟ್ಟಿರುತ್ತಾರೆ. ಇಲ್ಲದಿದ್ದರೆ ಟ್ರಾಲಿ ಹೋದಲ್ಲೆಲ್ಲ ಸಿಗ್ನಲ್ ಕೆಂಪಾಗಿ ರೈಲುಗಳು ನಿಂತುಬಿಡುತ್ತವೆ. ಹೀಗಾಗಿ ಸಿಗ್ನಲ್ಲಿನ ಮಟ್ಟಿಗೆ ಟ್ರಾಲಿ ಅಲ್ಲಿ ಇಲ್ಲವೇ ಇಲ್ಲ. ಅದನ್ನು ಕಾಯುವುದು ಟೈಮ್‌ಟೇಬಲ್, ಗಡಿಯಾರ, ಕಿವಿ, ಕಣ್ಣು, ಕೊನೆಗೆ ನಾಲ್ಕು ಜನರ ತೋಳು. ತುರ್ತಿಗೆ ಇರಲಿ ಅಂತ ಹಳಿಗೆ ಕಟ್ಟುವ ಪಟಾಕಿಗಳೂ ಟ್ರಾಲಿಯಲ್ಲಿ ಇರುತ್ತವೆ. ಎಂಜಿನ್ನಿನ ಗಾಲಿ ಹತ್ತಿದರೆ ಅದು ಸಿಡಿಯುತ್ತದೆ, ಡ್ರೈವರಿಗೆ ನಿಲ್ಲಿಸು ಅಂತ ಅರ್ಥ.

ಎತ್ತಿ ಇಡುವುದರಲ್ಲಿ ನನಗೆ ಕಂಡ ಅತಿ ನಾಜೂಕಿನ ಏರ್ಪಾಡು ಕಾಂಬೋಡಿಯಾದ ಬಟ್ಟಂಬಾಂಗ್ ಕಡೆಯದು. ಯುದ್ಧದಲ್ಲಿ ರೈಲು ವ್ಯವಸ್ಥೆ ಹಾಳಾದ ಮೇಲೆ ಅಲ್ಲಿನ ಹಳ್ಳಿಯವರೇ ಬಿದಿರಿನ ತಟ್ಟಿಯನ್ನು ಎರಡು ಅಚ್ಚಿನ ಮೇಲಿಟ್ಟು ಗಾಡಿ ಮಾಡಿಕೊಂಡರು. ಮೊದಲು ಕೋಲು ಊರಿ ತಳ್ಳುತ್ತಿದ್ದರು, ಆಮೇಲೆ ಸಣ್ಣ ಎಂಜಿನ್ ಬಂತು. ಹಳಿ ಒಂದೇ. ಎರಡು ಗಾಡಿ ಎದುರುಬದುರು ಬಂದರೆ ಹೊರೆ ಕಡಿಮೆ ಇರುವವನು ತನ್ನ ಗಾಡಿ ಬಿಚ್ಚಿ ಪಕ್ಕಕ್ಕೆ ಇಟ್ಟು ದಾರಿ ಬಿಡಬೇಕಿತ್ತು. ಜಗಳ ಇರಲಿಲ್ಲ, ರೂಲ್ ಬುಕ್ ಇರಲಿಲ್ಲ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಪಂಪ್ ಗಾಡಿಗಳಿಗೆ ಪೆಟ್ರೋಲ್ ಎಂಜಿನ್ ಬಂದು ಹಿಡಿಕೆ ಮಾಯವಾಯಿತು. ನಮ್ಮಲ್ಲೂ ಮೋಟಾರ್ ಟ್ರಾಲಿ ಇದೆ. ಹಳಿ ಏರುಪೇರಾಗಿದೆಯೇ ಅಂತ ವೇಗದಲ್ಲಿ ಓಡುತ್ತಾ ಅಳೆಯುವ ರೈಲು ಡಬ್ಬಿಗಳೇ ಇವೆ. ಹಾಗಿದ್ದರೂ ಪುಶ್ ಟ್ರಾಲಿ ಯಾಕೆ ಉಳಿದಿದೆ? ಈ ಕರಾವಳಿಯಲ್ಲಿ ಕೇಳಿದರೆ ಉತ್ತರ ಸುಲಭ. ಯಂತ್ರ ಅಳೆಯುವುದು ಹಳಿಯನ್ನು. ಇಲ್ಲಿ ಕೈಕೊಡುವುದು ಹಳಿಯ ಪಕ್ಕದ ಧರೆ, ಅಂದರೆ ಗುಡ್ಡ ಕಡಿದ ಬದಿ. ಚಿರೇಕಲ್ಲು ಕಡಿದು ಮಾಡಿದ ದಾರಿ, ಮೇಲೆ ಕೆಂಪು ಮಣ್ಣು, ಅದರ ಮೇಲೆ ಮರ. ಜೂನ್ ಬರುವ ಮೊದಲು ಚರಂಡಿ ಕಟ್ಟಿದೆಯೇ, ಧರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೇ, ಯಾವ ಮರ ವಾಲಿದೆ, ಯಾವ ಬಂಡೆಯ ಬುಡದಲ್ಲಿ ನೀರು ಒಸರುತ್ತಿದೆ, ಇದನ್ನೆಲ್ಲ ನೋಡಲು ನಿಧಾನ ಬೇಕು, ತಲೆಯ ಸುತ್ತ ಗೋಡೆ ಇರಬಾರದು, ಬೇಕಾದಲ್ಲಿ ನಿಲ್ಲಿಸಿ ಇಳಿಯುವ ಹಾಗಿರಬೇಕು. ಕೂತು ನೋಡಲು ಟ್ರಾಲಿಗಿಂತ ಒಳ್ಳೆಯ ಜಾಗ ಇಲ್ಲ. ಮಳೆ ಹಿಡಿದ ರಾತ್ರಿಗಳಲ್ಲಿ ಮಾತ್ರ ಅದೂ ನಡೆಯುವುದಿಲ್ಲ, ದೀಪ ಹಿಡಿದು ಕಾಲ್ನಡಿಗೆಯಲ್ಲೇ ಗಸ್ತು. ರೈಲುಗಳೂ ಮಳೆಗಾಲದ ಬೇರೆ ವೇಳಾಪಟ್ಟಿಯಲ್ಲಿ ನಿಧಾನ ಓಡುತ್ತವೆ.

ನೋಡುವುದು ಬೇಕು, ಸರಿ. ಅದಕ್ಕಾಗಿ ಇಬ್ಬರು ಹಳಿಯ ಮೇಲೆ ಓಡಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇತ್ತೀಚೆಗೆ ಕೆಲವು ರೈಲ್ವೆ ವಿಭಾಗಗಳಲ್ಲಿ ಸಾದಾ ಸೈಕಲ್ಲಿಗೆ ಪೈಪಿನ ತೋಳು ಜೋಡಿಸಿ ಹಳಿ ಮೇಲೆ ಓಡಿಸಿ ನೋಡಿದ್ದಾರೆ. ಸೈಕಲ್ ಒಂದು ಹಳಿಯ ಮೇಲೆ, ತೋಳಿನ ತುದಿಯ ಗಾಲಿ ಆಚೆ ಹಳಿಯ ಮೇಲೆ. ಒಬ್ಬನೇ ಎತ್ತಬಹುದು, ನೋಡುವವನೇ ತುಳಿಯುತ್ತಾನೆ. ಕೊಡೆ ಮತ್ತು ಬೆಂಚಿಗೆ ಜಾಗ ಇಲ್ಲ ಅನ್ನುವುದೊಂದೇ ಕೊರತೆ. ಕೆಲವರಿಗೆ ಆ ಕೊರತೆ ದೊಡ್ಡದಾಗಿ ಕಾಣಬಹುದು.

ಕೊನೆಗೆ ಒಬ್ಬ ಹುಡುಗ ಕೇಳಿದ, ಇಂಥದ್ದನ್ನು ಪ್ರವಾಸಿಗರಿಗೆ ಇಲ್ಲಿ ಓಡಿಸಬಹುದಾ ಸರ್ ಅಂತ. ದಕ್ಷಿಣ ಕೊರಿಯಾದಲ್ಲಿ ಕೈಬಿಟ್ಟ ಹಳಿಗಳ ಮೇಲೆ ಪೆಡಲ್ ಗಾಡಿ ಬಾಡಿಗೆಗೆ ಕೊಡುತ್ತಾರೆ, ಜನ ಸಾಲುಗಟ್ಟಿ ಹೋಗುತ್ತಾರೆ. ಅದಕ್ಕೆ ರೈಲು ಓಡದ ಹಳಿ ಬೇಕು. ನಮ್ಮ ಕರಾವಳಿಯಲ್ಲಿ ಇರುವುದು ಒಂದೇ ಹಳಿ, ಅದರಲ್ಲಿ ಎರಡೂ ದಿಕ್ಕಿನ ರೈಲು. ಕ್ಯಾಸಲ್‌ರಾಕಿನ ಮೀಟರ್ ಗೇಜ್ 1990ರ ದಶಕದಲ್ಲೇ ಬ್ರಾಡ್ ಗೇಜ್ ಆಯಿತು. ಸವಾರಿ ಸಿಗಲಿಕ್ಕಿಲ್ಲ. ನೋಡಬೇಕು ಅಂತಿದ್ದರೆ ಶಿರವಾಡದ ನಮ್ಮ ಸ್ಟೇಷನ್ನಿಗೆ ಹಗಲು ಹೊತ್ತು ಹೋಗಿ, ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಸುಮ್ನೆ ಕೂತು ನೋಡಿ. ಅದೃಷ್ಟ ಇದ್ದರೆ ಒಂದು ಟ್ರಾಲಿ ಕಂಡೀತು. ಹಳಿಗೆ ಮಾತ್ರ ಇಳಿಯಬೇಡಿ, ಅದು ಅಪರಾಧ, ದಂಡ ಬೀಳುತ್ತದೆ.